ಮಂಗಳವಾರದ ಉಬ್ಬು

ಮಕ್ಕಳಿಗೆ ವಿಜ್ಞಾನ ಹೇಳುವುದರಲ್ಲಿ ನನ್ನನ್ನು ಮೀರಿಸುವವರಿಲ್ಲ ಎಂದು ನಾನೇ ಹೇಳಿಕೊಂಡರೆ ಬಡಾಯಿ ಆಗುತ್ತದೆ. ಅದಕ್ಕೇ ಬೇರೆಯವರಿಂದ ಹೇಳಿಸುತ್ತೇನೆ. ಶಾಲೆಯವರು ಉಪನ್ಯಾಸಕ್ಕೆ ಕರೆದಾಗ ನನ್ನ ಪರಿಚಯವನ್ನು ನಾನೇ ಬರೆದು ಕಳಿಸುತ್ತೇನೆ. ಅಲ್ಲಿನ ಮೇಷ್ಟರು ಅದನ್ನು ಮೈಕಿನ ಮುಂದೆ ತಡವರಿಸುತ್ತ ಓದುತ್ತಾರೆ, ನಾನು ನೆಲ ನೋಡುತ್ತ ಸಂಕೋಚದಿಂದ ನಗುತ್ತೇನೆ. ಮೂವತ್ತು ವರ್ಷ ಭೌತಶಾಸ್ತ್ರ ಪಾಠ ಹೇಳಿದ್ದೇನೆ, ಆದರೆ ಹೆಚ್ಚು ಅಭ್ಯಾಸ ಮಾಡಿ ಕಲಿತಿದ್ದು ಈ ನಗುವನ್ನೇ.

ಉಳಿದಂತೆ ನನ್ನ ವಾರ ಎಲ್ಲ ಪ್ರೊಫೆಸರುಗಳ ವಾರದ ಹಾಗೇ. ಸೋಮವಾರ ಪಠ್ಯಕ್ರಮ ಸಮಿತಿ. ಹೋದ ಸಭೆಯ ನಡಾವಳಿ ಓದಿ ಮುಂದಿನ ಸಭೆಯ ದಿನಾಂಕ ಗೊತ್ತುಮಾಡಿ ಎದ್ದುಬರುತ್ತೇವೆ. ಎರಡು ದಿನ ತರಗತಿ. ಒಂದು ದಿನ ಯಾರಿಗೋ ಶಿಫಾರಸು ಪತ್ರ, ಯಾರದೋ ಉತ್ತರಪತ್ರಿಕೆ, ಪ್ರಿಂಟರಿಗೆ ಶಾಯಿ ತರಿಸಲು ಮೂರು ಪ್ರತಿಗಳಲ್ಲಿ ಅರ್ಜಿ. ಶುಕ್ರವಾರ ಯಾವುದಾದರೂ ಶಾಲೆಯಲ್ಲಿ ಉಪನ್ಯಾಸ. ಇದರ ನಡುವೆ ಸಂಶೋಧನೆ ಯಾವಾಗ ಮಾಡುತ್ತೀರಿ ಎಂದು ಯಾರೂ ನನ್ನನ್ನು ಕೇಳಿಲ್ಲ. ಕೇಳಿದ್ದರೆ ಹೇಳಬೇಕಾಗುತ್ತಿತ್ತು, ಸಂಶೋಧನೆ ಇರುವೆ ಮಾಡುತ್ತಾಳೆ ಎಂದು.

ಇರುವೆ ನನ್ನ ಪಿಎಚ್.ಡಿ. ವಿದ್ಯಾರ್ಥಿನಿ. ಆ ಹೆಸರಿಟ್ಟಿದ್ದು ಲ್ಯಾಬಿನವರು. ಅವಳ ಅಕ್ಷರ ಅಷ್ಟು ಸಣ್ಣ, ಕೆಲಸವೂ ಹಾಗೇ, ದಿನಕ್ಕೆ ಒಂದೊಂದು ಕಾಳು. ಗಂಡ ಬೇರೆ ಊರಿನಲ್ಲಿ ಕೆಲಸದಲ್ಲಿದ್ದ. ಮಗಳನ್ನು ಶಾಲೆಗೆ ಬಿಟ್ಟು ಒಂಬತ್ತೂವರೆಗೆ ನೆಲಮಾಳಿಗೆಗೆ ಇಳಿದರೆ ಮಗಳನ್ನು ಕರೆತರುವ ಹೊತ್ತಿಗೇ ಮೇಲೆ ಬರುತ್ತಿದ್ದಳು. ಆ ಕಿಟಕಿಯಿಲ್ಲದ ಕೋಣೆಯಲ್ಲಿ ಬೀರುವಿನ ಗಾತ್ರದ ನಮ್ಮ ಡಿಟೆಕ್ಟರ್ ಇದೆ. ಆಕಾಶದಿಂದ ಬಿದ್ದು, ಕಟ್ಟಡವನ್ನೂ ಒಳಗಿರುವ ನಮ್ಮನ್ನೂ ತೂರಿಕೊಂಡು ಹೋಗುವ ಕಣಗಳನ್ನು ಅದು ಎಣಿಸುತ್ತದೆ, ಒಂದೊಂದರ ಶಕ್ತಿ ಎಷ್ಟು ಎಂದು ಬರೆದಿಡುತ್ತದೆ. ಗ್ರಾಫ್ ಎಳೆದರೆ ಗೆರೆ ಮೇಲಿನಿಂದ ಕೆಳಕ್ಕೆ ನುಣ್ಣಗೆ ಇಳಿಯಬೇಕು. ನಾಲ್ಕು ವರ್ಷದ ಎಣಿಕೆ ಒಟ್ಟುಹಾಕಿದಾಗ ಗೆರೆ ನಡುವೆ ಒಂದು ಕಡೆ ಉಬ್ಬಿತ್ತು. ಉಬ್ಬು ನಿಜವಾಗಿದ್ದರೆ ಅದು ಈವರೆಗೆ ಯಾರೂ ಕಾಣದ ಹೊಸ ಕಣ.

"ಗಟ್ಟಿಯಾಗೋ ತನಕ ಯಾರಿಗೂ ತೋರಿಸಬೇಡಿ ಸರ್," ಎಂದು ಇರುವೆ ಹೇಳಿದ್ದಳು. ನನ್ನ ಭಾಷಣದ ಸ್ಲೈಡುಗಳನ್ನು ತಯಾರಿಸುತ್ತಿದ್ದವಳು ಅವಳೇ. ಆ ಗ್ರಾಫೂ ಜೊತೆಗಿರಲಿ ಎಂದು ನಾನು ಹಟ ಹಿಡಿದಿದ್ದಕ್ಕೆ ಅದನ್ನು ಎಲ್ಲಕ್ಕಿಂತ ಕೊನೆಗೆ, ಮುಕ್ತಾಯದ ಸ್ಲೈಡಿನ ಆಚೆ ಇಟ್ಟಿದ್ದಳು, ನನ್ನ ಕೈಗೆ ಎಟುಕದಿರಲಿ ಎಂದು.

ಆ ವರ್ಷದ ಸಮ್ಮೇಳನದಲ್ಲಿ ನನಗೆ ಸಿಕ್ಕಿದ್ದು ಊಟದ ನಂತರದ ಸರದಿ. ಮುಂದಿನ ಸಾಲಿನಲ್ಲೇ ಇಬ್ಬರು ತೂಕಡಿಸುತ್ತಿದ್ದರು, ಒಬ್ಬರು ಸ್ಪಷ್ಟವಾಗಿ ಗೊರಕೆ ಹೊಡೆಯುತ್ತಿದ್ದರು. ಎದುರಿಗಿರುವವರು ನನ್ನನ್ನು ಕೇಳುತ್ತಿಲ್ಲ ಎಂದರೆ ನನಗೆ ಮೈಯೆಲ್ಲ ಉರಿಯುತ್ತದೆ; ಮಕ್ಕಳ ಮುಂದೆ ನಿಂತು ನಿಂತು ಬಂದ ಚಾಳಿ ಇದು. ಮುಕ್ತಾಯದ ಸ್ಲೈಡ್ ದಾಟಿ ಮುಂದಕ್ಕೆ ಒತ್ತಿದೆ. ಇದು ನಮ್ಮ ನಮ್ಮಲ್ಲೇ ಇರಲಿ ಎಂದು ನಗುತ್ತ ಹೇಳಿ ಉಬ್ಬನ್ನು ಅರ್ಧ ನಿಮಿಷ ತೋರಿಸಿದೆ. ಗೊರಕೆ ನಿಂತಿತು. ಸಭಾಂಗಣದ ಅರ್ಧಕ್ಕರ್ಧ ಜನ ಮೊಬೈಲು ಎತ್ತಿ ಫೋಟೋ ತೆಗೆದರು.

ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವವರು ಎಲ್ಲ ಕಾಲದಲ್ಲೂ ಇದ್ದಾರೆ. ಈ ಕಾಲದಲ್ಲಿ ಅವರು ಸೈದ್ಧಾಂತಿಕ ಭೌತಶಾಸ್ತ್ರ ಮಾಡುತ್ತಾರೆ. ಫೋಟೋದ ಮೇಲೆ ಅಳತೆಪಟ್ಟಿ ಇಟ್ಟು, ನಮ್ಮ ಗ್ರಾಫಿನ ಚುಕ್ಕೆಗಳನ್ನು ಒಂದೊಂದಾಗಿ ಓದಿ ತೆಗೆದು, ಮೂರು ತಿಂಗಳಲ್ಲಿ ನಲವತ್ತೊಂದು ಪೇಪರ್ ಬರೆದರು. ನಾವಿನ್ನೂ ಒಂದನ್ನೂ ಬರೆದಿರಲಿಲ್ಲ. ಪ್ರತಿಯೊಂದರಲ್ಲೂ ನನ್ನ ಹೆಸರಿತ್ತು. ನನಗೆ ಆಕಾಶಕ್ಕೆ ಮೂರೇ ಗೇಣು. ಶಾಲೆಗಳಿಗೆ ಕಳಿಸುವ ಪರಿಚಯದಲ್ಲಿ ಒಂದು ಸಾಲು ಸೇರಿಸಿದೆ. ಮುಂದಿನ ವರ್ಷದ ಸಮ್ಮೇಳನದಲ್ಲಿ ಮುಖ್ಯ ಭಾಷಣಕ್ಕೆ ಕರೆ ಬಂತು, ಅದೂ ಬೆಳಗಿನ ಹೊತ್ತು.

ಇರುವೆ ನನ್ನನ್ನು ಬೈಯಲಿಲ್ಲ. ಎರಡು ತಿಂಗಳು ಬಿಡುವು ಕೊಡಿ, ಇನ್ನೊಮ್ಮೆ ಎಲ್ಲ ನೋಡುತ್ತೇನೆ ಎಂದು ಮಾತ್ರ ಕೇಳಿದಳು. ಎರಡು ತಿಂಗಳಿಗೆ ಒಂದು ದಿನ ಮುಂಚೆ ನನ್ನ ಕೋಣೆಗೆ ಬಂದು ಎರಡು ಹಾಳೆ ಮೇಜಿನ ಮೇಲೆ ಹರಡಿದಳು. ಒಂದರಲ್ಲಿ ಗೆರೆ ನುಣ್ಣಗೆ ಇಳಿದಿತ್ತು. ಇನ್ನೊಂದರಲ್ಲಿ ಉಬ್ಬು ಮೊದಲಿಗಿಂತ ದೊಡ್ಡದಾಗಿ ಎದ್ದಿತ್ತು.

"ಇದು ಸೋಮವಾರದಿಂದ ಶುಕ್ರವಾರದ ಎಣಿಕೆ ಸರ್. ಇದು ಬರೀ ಶನಿವಾರ, ಭಾನುವಾರದ್ದು. ಆಕಾಶದಿಂದ ಬರೋ ಕಣಕ್ಕೆ ರಜಾ ದಿನ ಯಾವುದು ಅಂತ ಗೊತ್ತಿರಲ್ಲ," ಎಂದಳು.

ನನಗೆ ಅರ್ಥವಾಗಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ವಿದ್ಯುತ್ ಉಳಿಸಬೇಕೆಂದು ನಮ್ಮ ಕಟ್ಟಡದ ಏಸಿಯನ್ನು ಶುಕ್ರವಾರ ಸಂಜೆ ಕೇಂದ್ರದಿಂದಲೇ ಆರಿಸಿ ಸೋಮವಾರ ಬೆಳಿಗ್ಗೆ ಹಾಕುತ್ತಾರೆ. ನೆಲಮಾಳಿಗೆ ಎರಡು ದಿನ ಬಿಸಿಯೇರುತ್ತದೆ. ಕಾದ ಡಿಟೆಕ್ಟರ್ ಕೆಲವು ಕಣಗಳಿಗೆ ಇಲ್ಲದ ಶಕ್ತಿಯನ್ನು ಸೇರಿಸಿ ಬರೆಯುತ್ತದೆ, ಅವೆಲ್ಲ ಒಂದೇ ಕಡೆ ಬಂದು ಗುಡ್ಡೆಬೀಳುತ್ತವೆ. ಕೋಣೆಯ ತಾಪಮಾನ ಬರೆದಿಡುವ ಪುಸ್ತಕವೇನೋ ಇತ್ತು. ಆದರೆ ಅದನ್ನು ಬರೆಯುತ್ತಿದ್ದ ಸಹಾಯಕರು ರಜಾ ದಿನ ಬರುತ್ತಿರಲಿಲ್ಲ. ಪುಸ್ತಕದ ಪ್ರಕಾರ ಆ ಕೋಣೆ ನಾಲ್ಕು ವರ್ಷದಲ್ಲಿ ಒಂದು ಡಿಗ್ರಿಯೂ ಏರಿರಲಿಲ್ಲ. ಆ ಪುಸ್ತಕದ ಪ್ರತಿ ಪುಟದ ಕೆಳಗೂ ನನ್ನ ಸಹಿ ಇತ್ತು.

ಇದನ್ನು ಹೀಗೇ ಥೀಸಿಸ್‌ನಲ್ಲಿ ಬರೆಯುತ್ತೇನೆ ಎಂದಳು. ಅದಕ್ಕೂ ಮೊದಲು ಪೇಪರ್ ಆಗಿ ಕಳಿಸಬೇಕು, ಉಬ್ಬಿಲ್ಲ ಎಂದು ಮೊದಲು ಹೇಳಿದವರು ನಾವೇ ಆಗಬೇಕು. ಒಂದು ದೊಡ್ಡ ಸಂಸ್ಥೆಯಲ್ಲಿ ಒಂದೇ ಒಂದು ಹುದ್ದೆ ಖಾಲಿಯಿತ್ತು, ಅವಳು ಅರ್ಜಿ ಹಾಕಿದ್ದಳು. ಈ ವರ್ಷ ತಪ್ಪಿದರೆ ಮುಂದಿನ ವರ್ಷಕ್ಕೆ ಅವಳ ವಯಸ್ಸು ಮೀರುತ್ತದೆ. ಆರು ವರ್ಷ ಆ ಕೋಣೆಯಲ್ಲಿ ಕೂತವಳಿಗೆ ಇದು ನನ್ನದು ಎಂದು ತೋರಿಸಲು ಒಂದು ಕೆಲಸ ಬೇಕಿತ್ತು. ಅದು ಆ ಎರಡು ಹಾಳೆಯಲ್ಲಿತ್ತು, ಹಾಳೆ ನನ್ನ ಮೇಜಿನ ಮೇಲಿತ್ತು.

ನಾನು ಆಗುವುದಿಲ್ಲ ಎನ್ನಲಿಲ್ಲ. ಆಗುವುದಿಲ್ಲ ಎನ್ನುವ ಗೈಡ್ ದಡ್ಡ, ಅವನ ಮೇಲೆ ದೂರು ಕೊಡಬಹುದು. ಜಾಣನಾದವನು ಇನ್ನೊಂದು ಸಲ ಪರೀಕ್ಷಿಸಿ ನೋಡೋಣ ಎನ್ನುತ್ತಾನೆ. ನಮ್ಮ ವೃತ್ತಿಯಲ್ಲಿ ಎಚ್ಚರಿಕೆಗಿಂತ ದೊಡ್ಡ ಗುಣವಿಲ್ಲ, ಆದ್ದರಿಂದ ಎಚ್ಚರಿಕೆಯ ಹೆಸರಿನಲ್ಲಿ ಏನು ಮಾಡಿದರೂ ಯಾರೂ ಬೆರಳು ತೋರಿಸುವುದಿಲ್ಲ. ಶನಿವಾರ ಭಾನುವಾರವೂ ಏಸಿ ಹಾಕಿಸಿ ಎಂಟು ವಾರ ಎಣಿಸು, ಉಬ್ಬು ಹೋದರೆ ನಿನ್ನ ಮಾತು ಸರಿ ಎಂದೆ. ಯಾರು ಕೇಳಿದರೂ ತಲೆದೂಗುವ ಮಾತು. ಆದರೆ ರಜಾ ದಿನ ಏಸಿ ಓಡಬೇಕಾದರೆ ಕಟ್ಟಡ ನೋಡಿಕೊಳ್ಳುವ ಕಚೇರಿಗೆ ಪತ್ರ ಹೋಗಬೇಕು, ಪತ್ರಕ್ಕೆ ನನ್ನ ಸಹಿ ಬೇಕು. ಅವಳು ಅಂದೇ ಪತ್ರ ಟೈಪು ಮಾಡಿ ತಂದಿಟ್ಟಳು. ನಾನು ಅದರ ಮೇಲೆ ಒಂದು ಶಾಲೆಯ ಆಮಂತ್ರಣ ಇಟ್ಟೆ.

ಮರುದಿನ ಕೇಳಿದಳು, ನೋಡ್ತೀನಮ್ಮ ಎಂದೆ. ಮುಂದಿನ ವಾರ ಕೇಳಿದಳು, ಒಕ್ಕಣೆ ಸ್ವಲ್ಪ ಬದಲಿಸು ಎಂದೆ. ಬದಲಿಸಿ ತಂದಾಗ ನಾನು ಊರಲ್ಲಿರಲಿಲ್ಲ. ನಡುವೆ ಅವಳು ಕೊಟ್ಟ ಥೀಸಿಸ್ ಅಧ್ಯಾಯಗಳನ್ನು ಕೆಂಪು ಶಾಯಿಯಲ್ಲಿ ತಿದ್ದಿ ವಾಪಸು ಕೊಡುತ್ತಿದ್ದೆ. ಅಲ್ಪವಿರಾಮಗಳ ವಿಷಯದಲ್ಲಿ ನನ್ನಷ್ಟು ಕಟ್ಟುನಿಟ್ಟಿನ ಮನುಷ್ಯ ಇನ್ನೊಬ್ಬನಿಲ್ಲ ಎಂದು ಆ ತಿಂಗಳು ನನಗೇ ತಿಳಿಯಿತು. ಮುಖ್ಯ ಭಾಷಣ ಮುಗಿಯುವವರೆಗೆ ಉಬ್ಬು ಬದುಕಿರಲಿ ಎಂಬುದಷ್ಟೇ ನನ್ನ ಆಸೆ. ಅದನ್ನು ನನಗೆ ನಾನೇ ಕೂಡ ಹೀಗೆ ಬಿಡಿಸಿ ಹೇಳಿಕೊಂಡಿರಲಿಲ್ಲ.

ಹೇಳಿದ್ದು ನನ್ನ ಹೆಂಡತಿ. ಅವಳು ಆಸ್ಪತ್ರೆಯ ಲ್ಯಾಬಿನಲ್ಲಿ ಪೆಥಾಲಜಿಸ್ಟ್. ಇಡೀ ದಿನ ಸೂಕ್ಷ್ಮದರ್ಶಕದ ಮೇಲೆ ಬಗ್ಗಿ ಜನರ ಗಡ್ಡೆಗಳನ್ನು ನೋಡುತ್ತಾಳೆ. ಒಂದು ಭಾನುವಾರ ತಿಂಡಿ ತಿನ್ನುತ್ತ ನಾನು ಇರುವೆಯ ಆತುರದ ಬಗ್ಗೆ ದೂರುತ್ತಿದ್ದೆ. ಈಗಿನವರಿಗೆ ತಾಳ್ಮೆಯೇ ಇಲ್ಲ ಎಂದು ಬೇರೆ ಸೇರಿಸಿದೆ. ಅವಳು ತಟ್ಟೆ ಸರಿಸಿ, ಕಡ್ಡಿ ಮುರಿದ ಹಾಗೆ ಹೇಳಿದಳು.

"ನೋಡ್ರೀ, ನಾನು ದಿನಕ್ಕೆ ನಲವತ್ತು ಸಲ 'ಏನೂ ಇಲ್ಲ' ಅಂತ ಬರೀತೀನಿ. ಜನ ಅದನ್ನ ಓದಿ ಖುಷಿಗೆ ಅಳ್ತಾರೆ. ನಿಮಗೆ ಮಾತ್ರ ಏನಾದ್ರೂ ಇರ್ಲೇಬೇಕು. ಆ ಹುಡುಗಿ ಪತ್ರಕ್ಕೆ ಸಹಿ ಹಾಕಿ."

ನಿನ್ನ ಕ್ಷೇತ್ರ ಬೇರೆ ನನ್ನದು ಬೇರೆ ಎಂದೆ. ಅವಳು ಎದ್ದು ಪಾತ್ರೆ ತೊಳೆಯಲು ಹೋದಳು. ಊರಿಗೆ ಉಪಕಾರಿ ಮನೆಗೆ ಮಾರಿ ಎಂದು ಅಡುಗೆಮನೆಯಿಂದ ಕೇಳಿಸಿತು. ನನಗೆ ಹೇಳಿದ್ದೋ ನಲ್ಲಿಗೆ ಹೇಳಿದ್ದೋ ಗೊತ್ತಾಗಲಿಲ್ಲ ಎಂದು ನಟಿಸಿದೆ. ಮಾರನೆಯ ದಿನವೂ ಪತ್ರ ಅಲ್ಲೇ ಇತ್ತು.

ಸಮ್ಮೇಳನಕ್ಕೆ ಹತ್ತು ದಿನ ಇರುವಾಗ ಇರುವೆ ಮತ್ತೆ ಬಂದಳು. ಈ ಸಲ ಕೈಯಲ್ಲಿ ಒಂದೇ ಹಾಳೆ. ಪತ್ರದ ವಿಷಯ ಎತ್ತುತ್ತಾಳೆಂದು ನಾನು ಮೊದಲೇ ಫೋನ್ ಕಿವಿಗೆ ಹಿಡಿದು ಕೂತಿದ್ದೆ.

"ಆ ಪತ್ರಕ್ಕೆ ಸಹಿ ಬೇಡ ಸರ್," ಎಂದಳು. "ಶನಿವಾರ ಏಸಿ ಹಾಕೋಕೆ ಪತ್ರ ಬೇಕು. ಮಂಗಳವಾರ ಆರಿಸೋಕೆ ಬೇಡ. ಸ್ವಿಚ್ಚು ಬಾಗಿಲ ಪಕ್ಕದಲ್ಲೇ ಇದೆ."

ಎಂಟು ವಾರ ಪ್ರತಿ ಮಂಗಳವಾರ, ಬುಧವಾರ ಅವಳು ಏಸಿ ಆರಿಸಿ ಆ ಬಿಸಿ ಕೋಣೆಯಲ್ಲಿ ಕೂತಿದ್ದಳು. ಗಂಟೆಗೊಮ್ಮೆ ತಾಪಮಾನ ಬರೆದಿದ್ದಳು. ಹಾಳೆಯ ಮೇಲೆ ಮಂಗಳವಾರ, ಬುಧವಾರದ ಎಣಿಕೆಯಲ್ಲಿ ಅದೇ ಜಾಗದಲ್ಲಿ ಅದೇ ಎತ್ತರದ ಉಬ್ಬು ಎದ್ದಿತ್ತು. ಉಳಿದ ಮೂರು ಕೆಲಸದ ದಿನ ಗೆರೆ ನುಣ್ಣಗಿತ್ತು. ಇನ್ನು ಯಾವ ಪರೀಕ್ಷೆಯನ್ನೂ ಕೇಳಲು ಉಳಿದಿರಲಿಲ್ಲ.

ನಿಜ ಹೇಳಬೇಕೆಂದರೆ ನನಗೆ ಮೊದಲು ಬಂದಿದ್ದು ಸಂತೋಷವಲ್ಲ, ನಾಚಿಕೆಯೂ ಅಲ್ಲ. ಹೊಟ್ಟೆಕಿಚ್ಚು. ಕಾಯಿಲೆ ಹೋಗುತ್ತದೋ ನೋಡು ಎಂದು ನಾನು ಕಳಿಸಿದರೆ ಅವಳು ಕಾಯಿಲೆ ತರಿಸಿ ತೋರಿಸಿದ್ದಳು. ಇಷ್ಟು ಸರಳವಾದ, ಇಷ್ಟು ಚೆಂದದ ಉಪಾಯ ಮೂವತ್ತು ವರ್ಷದಲ್ಲಿ ನನಗೆ ಒಂದೂ ಹೊಳೆದಿಲ್ಲ. ಬಹಳ ಚೆನ್ನಾಗಿದೆ ಎಂದೆ. ಸಮ್ಮೇಳನ ಮುಗಿಸಿ ಬಂದ ಮೇಲೆ ಕೂತು ಪೇಪರ್ ಬರೆಯೋಣ, ಈ ಗ್ರಾಫ್ ನನಗೆ ಕಳಿಸು ಎಂದೆ. ಅವಳು ಸಂಜೆಯೊಳಗೆ ಕಳಿಸಿದಳು.

ವಿಮಾನದಲ್ಲಿ ಕೂತು ಎರಡು ಭಾಷಣ ಸಿದ್ಧಮಾಡಿದೆ. ಒಂದರಲ್ಲಿ ಉಬ್ಬು ಇತ್ತು, ಇನ್ನೂ ಪರಿಶೀಲನೆ ನಡೆದಿದೆ ಎಂಬ ಮಾತಿನೊಂದಿಗೆ. ಇನ್ನೊಂದರಲ್ಲಿ ಮಂಗಳವಾರ ಇತ್ತು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂದು ಮೊದಲನೆಯದನ್ನೇ ಓದುವುದೆಂದು ತೀರ್ಮಾನಿಸಿ ನಿದ್ದೆ ಮಾಡಿದೆ.

ನನ್ನ ಭಾಷಣಕ್ಕೆ ಮೊದಲಿನ ಸರದಿ ಬೇರೊಂದು ದೇಶದ ತಂಡದ್ದು. ಅವರ ಡಿಟೆಕ್ಟರ್ ನಮ್ಮದಕ್ಕಿಂತ ಹತ್ತು ಪಟ್ಟು ದೊಡ್ಡದು. ಅವರು ಯಾವ ಗತ್ತೂ ಇಲ್ಲದೆ ಒಂದು ಗ್ರಾಫ್ ತೋರಿಸಿದರು. ಗೆರೆ ಮೇಲಿನಿಂದ ಕೆಳಕ್ಕೆ ಇಳಿದಿತ್ತು, ಎಲ್ಲೂ ಏನೂ ಇರಲಿಲ್ಲ. ಇಡೀ ಸಭಾಂಗಣ ನನ್ನ ಕಡೆ ತಿರುಗಿತು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ, ನಾನು ಟೈ ಮುಟ್ಟಿಕೊಂಡೆ. ಚಹಾ ವಿರಾಮದಲ್ಲಿ ಯಾರೂ ನನ್ನ ಹತ್ತಿರ ಬಂದು ನಿಲ್ಲಲಿಲ್ಲ. ಬಿಸ್ಕತ್ತಿನ ಮೇಜಿನ ಪಕ್ಕ ಒಬ್ಬನೇ ನಿಂತು ಲ್ಯಾಪ್‌ಟಾಪ್ ತೆರೆದು, ಮೊದಲ ಭಾಷಣ ಮುಚ್ಚಿ ಎರಡನೆಯದನ್ನು ತೆರೆದಿಟ್ಟೆ.

ವೇದಿಕೆ ಹತ್ತಿದ ಮೇಲೆ ಮಾತ್ರ ನನ್ನ ವಿದ್ಯೆ ನನ್ನನ್ನು ಕೈಬಿಡಲಿಲ್ಲ. ಮಕ್ಕಳಿಗೆ ಹೇಳುವ ಹಾಗೇ ಹೇಳಿದೆ. ರಜಾ ದಿನ ಮಾತ್ರ ಹುಟ್ಟುವ ಕಣದ ಕಥೆ, ಒಂದು ಡಿಗ್ರಿಯೂ ಏರದ ತಾಪಮಾನದ ಪುಸ್ತಕ, ಅದರ ಕೆಳಗೆ ನನ್ನ ಸಹಿ. ಜನ ಹೊಟ್ಟೆ ಹಿಡಿದು ನಕ್ಕರು. ಆಗ ನಮಗೊಂದು ಉಪಾಯ ಹೊಳೆಯಿತು ಎಂದೆ. ನಮಗೆ ಎಂದೇ ಅಂದೆ. ಮಂಗಳವಾರದ ಗ್ರಾಫ್ ತೆರೆಯ ಮೇಲೆ ಬಂದಾಗ ನಗು ನಿಂತು ಚಪ್ಪಾಳೆ ಶುರುವಾಯಿತು. ಹಿಂದಿನ ಸಾಲಿನವರು ಎದ್ದು ನಿಂತರು. ಜಟ್ಟಿ ಜಾರಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಅನ್ನುತ್ತಾರೆ. ನನ್ನ ಮೀಸೆಗೆ ಎಣ್ಣೆ ಹಚ್ಚಿ ಕಳಿಸಿದರು. ಸಭೆಯ ಅಧ್ಯಕ್ಷರು, ನಮ್ಮ ಕ್ಷೇತ್ರದ ಬಹಳ ಹಿರಿಯರು, ತನ್ನ ತಪ್ಪನ್ನು ತಾನೇ ಹುಡುಕಿ ಊರಿಗೆಲ್ಲ ತೋರಿಸುವ ಇಂಥ ಪ್ರಾಮಾಣಿಕತೆ ಅಪರೂಪ ಎಂದರು. ಸಮಯ ಮುಗಿಯಿತು ಎಂಬ ಚೀಟಿಯನ್ನೂ ಅವರೇ ತೋರಿಸಿದರು.

ಇರುವೆಯ ಹೆಸರು ಕೊನೆಯ ಸ್ಲೈಡಿನಲ್ಲಿತ್ತು. ಅದಕ್ಕೆ ಐದು ಸೆಕೆಂಡು ಸಾಕಿತ್ತು. ಚೀಟಿ ನೋಡಿ ನಾನು ಕೆಳಗಿಳಿದೆ.

ವಾಪಸು ಬಂದಾಗ ಅವಳು ಆ ಭಾಷಣದ ವಿಡಿಯೋ ನೋಡಿಯಾಗಿತ್ತು. ನನ್ನ ಹೆಸರಿನ ಸ್ಲೈಡ್ ಇತ್ತಾ ಸರ್ ಎಂದು ಕೇಳಿದಳು. ಇತ್ತಮ್ಮ, ಟೈಮ್ ಆಗಿಹೋಯ್ತು ಎಂದೆ. ಪರವಾಗಿಲ್ಲ, ಸಂದರ್ಶನದಲ್ಲಿ ನಾನೇ ಹೇಳಿಕೊಳ್ಳುತ್ತೇನೆ ಎಂದಳು. ಪೇಪರ್ ಬರೆಯುವ ಮಾತನ್ನು ಇಬ್ಬರೂ ಎತ್ತಲಿಲ್ಲ. ಮೊದಲು ಹೇಳುವುದಕ್ಕೆ ಇನ್ನೇನೂ ಉಳಿದಿರಲಿಲ್ಲ, ಆ ತಂಡ ಹೇಳಿತ್ತು, ನಾನು ಹೇಳಿದ್ದೆ. ಥೀಸಿಸನ್ನು ಒಂದೇ ದಿನದಲ್ಲಿ ಓದಿ ಒಪ್ಪಿದೆ. ಅಲ್ಪವಿರಾಮಗಳೆಲ್ಲ ಇದ್ದಕ್ಕಿದ್ದಂತೆ ಸರಿಯಾಗಿದ್ದವು.

ಸಂದರ್ಶನ ಸಮಿತಿಗೂ ಆ ಹಿರಿಯರೇ ಅಧ್ಯಕ್ಷರು. ಸಂದರ್ಶನ ನಡೆದ ಮರುದಿನ ನಾನೊಂದು ಶಾಲೆಯಲ್ಲಿದ್ದೆ. 'ವಿಜ್ಞಾನ ಮತ್ತು ಸತ್ಯ' ಎಂಬ ವಿಷಯ ಶಾಲೆಯವರೇ ಕೊಟ್ಟಿದ್ದು. ಮುಖ್ಯೋಪಾಧ್ಯಾಯಿನಿಯ ಕೋಣೆಯಲ್ಲಿ ನೀರು ಕುಡಿಯುತ್ತಿದ್ದಾಗ ಫೋನ್ ಬಂತು. ಹಿರಿಯರು ಕುಶಲ ಕೇಳಿ ವಿಷಯಕ್ಕೆ ಬಂದರು. ಕೊನೆಗೆ ಇಬ್ಬರು ಉಳಿದಿದ್ದಾರೆ, ಇಬ್ಬರೂ ಸಮ ಸಮ, ಒಬ್ಬಳು ನಿಮ್ಮ ಹುಡುಗಿ ಎಂದರು.

"ಆ ಮಂಗಳವಾರದ ಉಪಾಯ ತನ್ನದು ಅಂತ ಹೇಳ್ತಾಳೆ. ಅದು ನಿಜ ಆದ್ರೆ ನಾನು ಬೇರೆ ಯೋಚನೆನೇ ಮಾಡಲ್ಲ. ನೀವು ಹೇಳಿ, ಅದು ಅವಳದ್ದಾ, ನಿಮ್ಮದಾ?"

ಅವಳದು ಎಂದರೆ ಮುಂದಿನ ಪ್ರಶ್ನೆ ಏನೆಂದು ನನಗೆ ಗೊತ್ತಿತ್ತು. ಯಾವಾಗ ಮಾಡಿದಳು? ರಜಾ ದಿನದ ವಿಷಯ ನಿಮಗೆ ಯಾವಾಗ ತಿಳಿಯಿತು? ಅಷ್ಟು ತಿಂಗಳು ಏಕೆ ಸುಮ್ಮನಿದ್ದಿರಿ? ಎದ್ದು ನಿಂತು ಚಪ್ಪಾಳೆ ತಟ್ಟಿದವರೆಲ್ಲ ಕಣ್ಣ ಮುಂದೆ ಬಂದರು. ಅವರು ಕೂತುಬಿಡುವುದನ್ನು ನೋಡುವ ಶಕ್ತಿ ನನ್ನಲ್ಲಿರಲಿಲ್ಲ. ನನ್ನದು ಎನ್ನುವಷ್ಟು ಕೆಟ್ಟವನೂ ನಾನಲ್ಲ. ಅಡ್ಡಗೋಡೆಯ ಮೇಲೆ ದೀಪವಿಟ್ಟ ಹಾಗೆ ಒಂದು ಮಾತು ಹೇಳಿದೆ.

"ತಂಡದ ಕೆಲಸ ಸರ್. ನಮ್ಮ ಲ್ಯಾಬಲ್ಲಿ ನಾನು, ನೀನು ಅಂತ ಇಟ್ಕೊಂಡಿಲ್ಲ."

ನಿಮ್ಮ ದೊಡ್ಡ ಗುಣ, ಅರ್ಥವಾಯಿತು ಬಿಡಿ ಎಂದು ಫೋನ್ ಇಟ್ಟರು. ಹೊರಗೆ ಮಕ್ಕಳು ಸಾಲಾಗಿ ಕೂತಿದ್ದರು. ಚೆನ್ನಾಗಿಯೇ ಮಾತಾಡಿದೆ.

ಹುದ್ದೆ ಇನ್ನೊಬ್ಬರಿಗೆ ಹೋಯಿತು. ಮೂರು ವಾರದ ನಂತರ ಇರುವೆ ಥೀಸಿಸಿನ ಐದು ಪ್ರತಿಗಳನ್ನು ಬೈಂಡು ಮಾಡಿಸಿ ಸಹಿಗೆ ತಂದಳು. ಐದಕ್ಕೂ ಸಹಿ ಹಾಕಿದೆ, ಪುಟ ಅವಳೇ ತಿರುವಿ ಕೊಟ್ಟಳು. ಮುಂದೇನು ಎಂದು ಕೇಳಿದೆ. ಗಂಡನ ಊರಿನಲ್ಲಿ ಒಂದು ಟ್ಯುಟೋರಿಯಲ್‌ನಲ್ಲಿ ಪ್ರವೇಶಪರೀಕ್ಷೆಗೆ ಪಾಠ ಹೇಳಲು ಸೇರಿದ್ದಾಳಂತೆ, ಮಗಳಿಗೆ ಅಲ್ಲೇ ಶಾಲೆ ಸಿಕ್ಕಿದೆಯಂತೆ. ಒಳ್ಳೆಯದಾಯಿತು ಎಂದೆ. ಆ ಮಾತು ನನ್ನ ಬಾಯಿಂದ ಹೇಗೆ ಬಂತೋ ಗೊತ್ತಿಲ್ಲ.

ಅವಳು ಪ್ರತಿಗಳನ್ನು ಚೀಲಕ್ಕೆ ಹಾಕಿಕೊಳ್ಳಲಿಲ್ಲ. ಮೇಜಿನ ಆಚೆ ನಿಂತೇ ಇದ್ದಳು.

"ಏನು ಕಮ್ಮಿ ಆಯ್ತು ಅಂತ ಸಮಿತಿಯ ಅಧ್ಯಕ್ಷರಿಗೇ ಫೋನ್ ಮಾಡಿ ಕೇಳಿದೆ ಸರ್. ನೀವು ಹೇಳಿದ್ದನ್ನ ಹಾಗ್ ಹಾಗೇ ಹೇಳಿದ್ರು."

ನಾನು ಹೇಳಿದ್ದರಲ್ಲಿ ಸುಳ್ಳೇನಿತ್ತಮ್ಮ ಎಂದೆ. ನನ್ನ ದನಿ ನನಗೇ ಅಸಹ್ಯವಾಯಿತು.

"ಸುಳ್ಳು ಅಂತ ನಾನೂ ಅನ್ನಲಿಲ್ಲ. ಒಂದು ಕೇಳ್ತೀನಿ ಸರ್. ಮಂಗಳವಾರ ಏಸಿ ಆರಿಸಿ ನೋಡೋಣ ಅಂತ ಯಾರಿಗೆ ಹೊಳೀತು?"

ಬಾಗಿಲು ಹಾಕಿತ್ತು. ಕೋಣೆಯಲ್ಲಿ ನಾವಿಬ್ಬರೇ ಇದ್ದೆವು.

"ನಿನಗೆ," ಎಂದೆ.

"ಅವರು ಕೇಳಿದ್ದೂ ಇಷ್ಟೇ ಸರ್," ಎಂದು ಹೇಳಿ, ಐದು ಪ್ರತಿಗಳನ್ನೂ ಚೀಲಕ್ಕೆ ಹಾಕಿಕೊಂಡು ಹೊರಟುಹೋದಳು.